ಎಡಗಟ್ಟೆಯ ಬಿಸಿಲು

ಲಾಮು, 1976 ಫೆಬ್ರವರಿ 3

ಶೇಕುವೆ ಮೇಷ್ಟ್ರಿಗೆ, ಅಥ್ಮಾನಿಯ ತಂಗಿ ತಿಮಾಳ ಸಲಾಮು.

ಅಣ್ಣ ತೀರಿಹೋದ ಸುದ್ದಿ ನಿಮಗೆ ತಂತಿಯಲ್ಲಿ ಮುಟ್ಟಿದೆ. ನೀವು ಬರಲಿಲ್ಲ. ಮೊಂಬಾಸಾದಿಂದ ನಮ್ಮ ದ್ವೀಪಕ್ಕೆ ದಾರಿ ದೂರ, ನಿಮಗೂ ವಯಸ್ಸಾಗಿದೆ, ಅದಕ್ಕೆ ನಾನೇನೂ ಅಂದುಕೊಂಡಿಲ್ಲ. ನಲವತ್ತನೇ ದಿನದ ಕುರಾನ್ ಓದು ಮೊನ್ನೆ ಮುಗಿಯಿತು. ಬಂದವರು ಹೋದರು. ಮನೆಯಲ್ಲಿ ಈಗ ನಾನು, ಅವನ ಸೂಜಿದಾರದ ಡಬ್ಬಿ, ಅರ್ಧ ಕಸೂತಿ ಮಾಡಿಟ್ಟ ಒಂದು ಟೋಪಿ.

ನಾನು ಪತ್ರ ಬರೆದು ರೂಢಿಯಿರುವವಳಲ್ಲ. ಹುಡುಗಿಯರ ಶಾಲೆಯಲ್ಲಿ ಕಲಿತದ್ದು ನಾಲ್ಕು ತರಗತಿ. ದಿನಕ್ಕೆರಡು ಸಾಲು ನನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಿಷಯ ಇಷ್ಟು. ನಮ್ಮ ಹಳೆಯ ಮನೆಗಳ ಗೋಡೆಗೂಡುಗಳ ಬಗ್ಗೆ ನೀವು ಬರೆಯುತ್ತಿರುವ ಪುಸ್ತಕದ ಆರನೇ ಅಧ್ಯಾಯದವರೆಗೆ ನಮ್ಮ ಜಗಲಿಯ ಸಂಜೆಯ ಕೂಟದಲ್ಲಿ ಓದಾಗಿದೆ. ಏಳನೆಯದು ಕೊನೆಯದು ಅಂತ ಅಣ್ಣ ಹೇಳುತ್ತಿದ್ದ. ಅದು ಬಂದಿಲ್ಲ. ಮಲಗಿದಲ್ಲಿಂದಲೇ ಅವನು ಕೇಳುತ್ತಿದ್ದ, "ಅಂಚೆ ಬಂತಾ, ಶೇಕುವೆ ಕಳಿಸಿದನಾ?" ಅಂತ. ಆಮೇಲೆ ಒಂದು ದಿನ ಅಂದ: "ತಿಮಾ, ಪುಸ್ತಕ ಓದಿ ಮುಗಿಯೋ ತನಕ ಜಗಲಿ ಮುಚ್ಚಬೇಡ."

ನಾನು ಮುಚ್ಚಿಲ್ಲ. ಏಳನೇ ಅಧ್ಯಾಯ ಕಳಿಸಿಕೊಡಿ.

ತಿಮಾ


ಮೊಂಬಾಸಾ, ಫೆಬ್ರವರಿ 20

ತಂಗಿ ತಿಮಾಳಿಗೆ,

ದೇವರು ಅಥ್ಮಾನಿಯ ಗೋರಿಯನ್ನು ಬೆಳಗಿಸಲಿ. ಅವನೂ ನಾನೂ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿದವರು. ಹೆಚ್ಚು ಬರೆಯಲಾರೆ.

ಏಳನೇ ಅಧ್ಯಾಯ ಇಲ್ಲ. ಪುಸ್ತಕವನ್ನು ಕೈಬಿಟ್ಟಿದ್ದೇನೆ. ನಿನ್ನಣ್ಣನ ಕೊನೆಯ ಕಾಗದ ನನ್ನ ಹತ್ತಿರ ಇದೆ. "ಆರನೆಯದು ಸುಳ್ಳು, ಹರಿದು ಹಾಕು" ಎಂದು ಬರೆದಿದ್ದಾನೆ. ಮೊದಲಿಂದ ನನ್ನ ಬರಹ ಓದಿದವನು ಸಾಯುವ ಮುಂಚೆ ಹೇಳಿದ ಮಾತು ಅದು. ಅದರ ಮೇಲೆ ನಾನು ಏನು ಬರೆಯಲಿ?

ಜಗಲಿ ಮುಚ್ಚು. ಎಲ್ಲದಕ್ಕೂ ಒಂದು ಕಾಲ ಇರುತ್ತದೆ.

ಶೇಕುವೆ


ಲಾಮು, ಮಾರ್ಚ್ 2

ಶೇಕುವೆ ಮೇಷ್ಟ್ರಿಗೆ ಸಲಾಮು.

ನಿಮ್ಮ ಕಾಗದದಲ್ಲಿ ಅಕ್ಷರ ದೊಡ್ಡದು, ಮಾತು ಚಿಕ್ಕದು. ಒಂದು ಸಾಲು ಹೋಗಿ ಇನ್ನೊಂದರ ಮೇಲೆ ಬಿದ್ದಿದೆ. ಸಿಟ್ಟಿನಲ್ಲಿ ಬರೆದಿರಿ ಅಂತ ಗೊತ್ತಾಯಿತು. ಆದರೂ ನಾನು ಹೇಳುವುದನ್ನು ಹೇಳುತ್ತೇನೆ.

ಅಣ್ಣ ಆ ಕಾಗದ ಬರೆದ ದಿನ ಎಡಗಟ್ಟೆಯಲ್ಲಿ ಕೂತಿದ್ದ.

ನಮ್ಮ ಬಾಗಿಲ ಎರಡೂ ಪಕ್ಕದ ಕಲ್ಲು ಕಟ್ಟೆಗಳಿಗೆ ಆ ಕಟ್ಟಳೆ ಮಾಡಿದವರು ನೀವಿಬ್ಬರೇ. ಬಲಗಟ್ಟೆಯಲ್ಲಿ ಕೂತವರು ಪುಸ್ತಕದ ಪರ ಮಾತಾಡಬೇಕು, ಎಡಗಟ್ಟೆಯಲ್ಲಿ ಕೂತವರು ವಿರೋಧ. ಮನಸ್ಸಿನಲ್ಲಿ ಏನಿದ್ದರೂ ಸರಿ, ಕೂತ ಕಟ್ಟೆಯ ಮಾತನ್ನೇ ಆಡಬೇಕು. ಎಡಗಟ್ಟೆಯಲ್ಲಿ ಯಾರೂ ಇಲ್ಲದಿದ್ದರೆ ಆ ದಿನದ ಓದು ಲೆಕ್ಕಕ್ಕಿಲ್ಲ. ನಾನು ಬಾಗಿಲ ಹಿಂದೆ ಕೂತು ಅಕ್ಕಿ ಆರಿಸುತ್ತಾ ಇದನ್ನೆಲ್ಲ ಕೇಳಿಸಿಕೊಂಡೇ ಮುದುಕಿಯಾದವಳು. ಎದುರುಮನೆ ಕುಸಿದುಬಿದ್ದ ಮೇಲೆ ಎಡಗಟ್ಟೆಗೆ ಸಂಜೆಯ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಅದಕ್ಕೇ ಯಾರಿಗೂ ಅದು ಬೇಡ. ತಡವಾಗಿ ಬಂದವನಿಗೆ ಎಡಗಟ್ಟೆ ಅಂತಾಯಿತು.

ಆ ದಿನ ಅಣ್ಣ ತಡವಾಗಿ ಹೋದ. ನಾನು ಶುಂಠಿ ಕಷಾಯ ಕೊಡುತ್ತಿದ್ದೆ, ಕುಡಿಯದೆ ಹೋಗಲು ಬಿಡಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಹೋಗುವಷ್ಟರಲ್ಲಿ ದೋಣಿ ಬಡಗಿ ಕೋಂಬೊ, ಕಸ್ಟಮ್ಸಿನ ಫೂಮೋ ಇಬ್ಬರೂ ನೆರಳು ಹಿಡಿದಾಗಿತ್ತು.

"ಬಾರಪ್ಪಾ ಮನೆ ಯಜಮಾನ, ನಿನಗೆ ಬಿಸಿಲೇ ಗತಿ," ಅಂದ ಕೋಂಬೊ.

"ನನ್ನ ಮನೇಲಿ ನನಗೇ ನೆರಳಿಲ್ಲ ನೋಡು. ಸಾಯೋನಿಗೆ ಒಂದಿಷ್ಟು ಜಾಗ ಬಿಡೋ ಅಂದ್ರೆ ಬಿಡಲ್ಲ ಇವನು."

"ನೀನು ಸಾಯೋನಲ್ಲ, ಸಾಯಿಸೋನು. ಓದು ಫೂಮೋ."

ಫೂಮೋ ಆರನೇ ಅಧ್ಯಾಯ ಓದಿದ. ಒಳಮನೆಯ ಗೋಡೆಯಲ್ಲಿ ಸಾಲುಸಾಲಾಗಿ ಗಾರೆಯ ಗೂಡುಗಳನ್ನು ಕೆತ್ತಿಸಿದ್ದು ಚೀನಾ ಪಿಂಗಾಣಿ ಇಟ್ಟು ತೋರಿಸುವುದಕ್ಕೆ, ಸಮುದ್ರದಾಚೆಯ ವ್ಯಾಪಾರದ ಸಿರಿ ಅದು ಅಂತ ನೀವು ಬರೆದಿದ್ದಿರಿ. ಮುಗಿದ ಕೂಡಲೇ ಅಣ್ಣ ಶುರುಮಾಡಿದ.

"ಪಿಂಗಾಣಿಯಂತೆ! ಯಾವ ತಟ್ಟೆ ನಿಲ್ಲುತ್ತೆ ಆ ಗೂಡಲ್ಲಿ? ಬೆಕ್ಕು ಸೀನಿದ್ರೆ ಸಾಕು, ನೆಲಕ್ಕೆ. ಸುಳ್ಳು ಇದು, ಹರಿದು ಹಾಕು ಅಂತ ಬರೀತೀನಿ."

"ಪಾಪ, ಮೇಷ್ಟ್ರು ಅಳ್ತಾರೆ ಕಣೋ," ಅಂದ ಕೋಂಬೊ.

"ಅತ್ರೆ ಅಳಲಿ. ಅತ್ತ ಮೇಲೆ ಅವನು ಚೆನ್ನಾಗಿ ಬರೀತಾನೆ."

ಜಗಲಿಯ ಮಾತನ್ನು ನಿಮಗೆ ಕಳಿಸುವಾಗ ಯಾವಾಗಲೂ ಹಾಳೆಯ ತಲೆಯ ಮೇಲೆ "ಎಡಗಟ್ಟೆಯಿಂದ" ಅಂತಲೋ "ಬಲಗಟ್ಟೆಯಿಂದ" ಅಂತಲೋ ಬರೆಯುತ್ತಿದ್ದರು. ಹೆಸರು ಹಾಕುತ್ತಿರಲಿಲ್ಲ, ಕಟ್ಟೆ ಮಾತ್ರ. ಆ ದಿನ ಅಣ್ಣ ಗೋಡೆಗೆ ಒರಗಿಕೊಂಡೇ ಬರೆದ. ಬರೆದು ಮುಗಿಸಿದರೆ ಸಾಕಾಗಿತ್ತು. ಕಟ್ಟೆಯ ಹೆಸರು ಬಿಟ್ಟುಹೋಗಿರಬೇಕು. ನೀವು ಅದನ್ನು ಅವನ ಸ್ವಂತ ಮಾತು ಅಂತ ಎದೆಗೆ ಹಚ್ಚಿಕೊಂಡಿದ್ದೀರಿ.

ಜಗಲಿ ಮೊದಲಿನ ಹಾಗೇ ತುಂಬಿರುತ್ತದೆ. ಪ್ರವಾದಿಯವರು ಹುಟ್ಟಿದ ದಿನದ ಮೌಲಿದಿ ಹಬ್ಬಕ್ಕೆ ಊರಿಗೆ ಜನ ಬರಲು ಶುರುವಾಗಿದೆ. ಎಲ್ಲರೂ ಏಳನೆಯದು ಯಾವಾಗ ಅಂತ ಕೇಳುತ್ತಾರೆ. ಕಳಿಸಿ.

ತಿಮಾ


ಮೊಂಬಾಸಾ, ಮಾರ್ಚ್ 25

ತಂಗಿ ತಿಮಾ,

ನೀನು ನನ್ನ ಸಮಾಧಾನಕ್ಕೆ ಬರೆದಿದ್ದೀಯ. "ಅತ್ತ ಮೇಲೆ ಚೆನ್ನಾಗಿ ಬರೀತಾನೆ" ಎಂಬ ಮಾತು ಅಥ್ಮಾನಿಯದೋ ನಿನ್ನದೋ ನನಗೆ ಗೊತ್ತಾಗುತ್ತಿಲ್ಲ. ಅವನು ಎಡಗಟ್ಟೆಯಲ್ಲಿ ಕೂತಿದ್ದನೆಂದೇ ಇಟ್ಟುಕೊಳ್ಳೋಣ. ಕೂತ ಕಟ್ಟೆಗೂ ಮನಸ್ಸಿಗೂ ಒಮ್ಮೊಮ್ಮೆ ತಾಳೆಯಾಗುತ್ತದೆ.

ಒಂದನ್ನು ಮಾತ್ರ ನಿಜ ಹೇಳು. ಆ ಸಂಜೆ ಎದ್ದು ಒಳಗೆ ಬಂದಮೇಲೆ, ಕಟ್ಟಳೆಯೆಲ್ಲ ಹೊರಗೆ ಬಿಟ್ಟು, ನಿನ್ನೆದುರು ಏನಂದ?

ಶೇಕುವೆ


ಲಾಮು, ಏಪ್ರಿಲ್ 9

ಶೇಕುವೆ ಮೇಷ್ಟ್ರಿಗೆ,

ನಿಜ ಕೇಳಿದ್ದೀರಿ. ಒಳಗೆ ಬಂದು ನಿಮ್ಮ ಪುಸ್ತಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕೂತು, "ಮೀನು ಸಾರಿಗೆ ಹುಳಿ ಕಮ್ಮಿ" ಅಂದ. ಎರಡು ತುತ್ತು ತಿಂದು ಮಲಗಿದ. ಅವತ್ತು ಹುಣಸೆಹಣ್ಣು ಮುಗಿದುಹೋಗಿತ್ತು.

ನಿಮಗೆ ಬೇಕಾದ ಮಾತನ್ನು ಕಟ್ಟಿ ಹೇಳುವುದು ನನಗೇನೂ ಕಷ್ಟವಾಗಿರಲಿಲ್ಲ. ಆದರೆ ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕಿದರೆ ಆಡಿದ್ದೂ ಕೆಡುತ್ತದೆ. ಅವನ ಮನಸ್ಸಿನಲ್ಲಿ ಏನಿತ್ತೋ ಇನ್ನು ಕೇಳಿ ತಿಳಿಯುವ ಹಾಗಿಲ್ಲ. ಅವನನ್ನು ಬಿಟ್ಟೇ ನಾವು ಈ ವಾದ ಮುಗಿಸಬೇಕು.

ಏಳನೆಯದು ಬರಲಿಲ್ಲವಲ್ಲ, ಅದಕ್ಕೆ ಜಗಲಿಯಲ್ಲಿ ಆರನೆಯದನ್ನೇ ಮತ್ತೆ ಓದಿಸಿದೆ. ಎಡಗಟ್ಟೆಯ ಮಾತನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಈ ಸಲ ಕಟ್ಟೆಯ ಹೆಸರು ಬಿಟ್ಟಿಲ್ಲ.

ತಿಮಾ

*ಎಡಗಟ್ಟೆಯಿಂದ*

*ಪಿಂಗಾಣಿ ನಿಲ್ಲುವುದಿಲ್ಲ ಎಂಬ ಹಳೆಯ ಮಾತು ಬಿಡೋಣ. ಅಗಲ ಕಡಿಮೆಯ ಬಟ್ಟಲೂ ಇರಬಹುದು. ನಮ್ಮ ಆಕ್ಷೇಪ ಬೇರೆ. ಸಿರಿ ತೋರಿಸುವುದಕ್ಕೇ ಆಗಿದ್ದರೆ ಗೂಡುಗಳು ಮುಂದಿನ ಕೋಣೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಕಡೆ ಇರಬೇಕಿತ್ತು. ಅವು ಇರುವುದು ಒಳಮನೆಯಲ್ಲಿ. ಕಿಟಕಿಯಿಲ್ಲದ ಕೋಣೆ. ಅಲ್ಲಿ ಹೆರಿಗೆಯಾಗುತ್ತದೆ, ಅಲ್ಲೇ ಹೆಣ ತೊಳೆಯುತ್ತಾರೆ. ವರ್ತಕರು ಅಲ್ಲಿಗೆ ಬರುವುದಿಲ್ಲ.*

*ಸತ್ತವರ ಪಕ್ಕ ಕೂತವರು ಮುಖ ನೋಡಲಾರರು, ನೋಡದೆಯೂ ಇರಲಾರರು. ಎದುರಿನ ಗೋಡೆ ಬೋಳಾಗಿದ್ದರೆ ಕಣ್ಣು ಹೋಗಿ ಅದಕ್ಕೆ ಬಡಿದು ವಾಪಸು ಬರುತ್ತದೆ. ಗೂಡುಗಳಿದ್ದರೆ ಕಣ್ಣು ಒಂದರೊಳಗೆ ಹೊಕ್ಕು ಅಲ್ಲಿ ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಪಕ್ಕದ್ದಕ್ಕೆ ಹೋಗುತ್ತದೆ. ಗೂಡು ಖಾಲಿಯಿದ್ದರೇ ಅದಕ್ಕೆ ಜಾಗ. ಗೂಡುಗಳನ್ನು ಮಾಡಿದ್ದು ವಸ್ತು ಇಡುವುದಕ್ಕಲ್ಲ. ಮೇಷ್ಟ್ರು ಇದಕ್ಕೆ ಉತ್ತರ ಕೊಡಬೇಕು.*


ಮೊಂಬಾಸಾ, ಮೇ 4

ತಂಗಿ ತಿಮಾಳಿಗೆ ಸಲಾಮು.

ಮಳೆಗೆ ತಾನಾ ನದಿ ಉಕ್ಕಿ ಬಸ್ಸು ಗಾರ್ಸೆನ್‌ನಲ್ಲೇ ನಿಂತಿತ್ತಂತೆ, ನಿನ್ನ ಕಾಗದ ಮೊನ್ನೆ ತಲುಪಿತು. ಆ ಹಾಳೆ ಕೋಂಬೊನದು ತಾನೇ? ಮರದ ಗೂಟ ಹೊಡೆಯುವವನ ಹಾಗೆ ವಾದ ಹೊಡೆದಿದ್ದಾನೆ. ಅವನಿಗೆ ಇದನ್ನು ಜೋರಾಗಿ ಓದಿ ಹೇಳು.

ಒಂದು. ಪಾತೆ ದ್ವೀಪದ ಪಾಳುಮನೆಗಳಲ್ಲಿ ನಾನೇ ಮಂಡಿಯೂರಿ ಮಣ್ಣು ಕೆದಕಿದ್ದೇನೆ. ಪಿಂಗಾಣಿ ಚೂರು ಸಿಕ್ಕಿದ್ದು ಗೂಡಿನ ಗೋಡೆಯ ಬುಡದಲ್ಲಿ. ಅದು ಅಲ್ಲಿಗೆ ನಡೆದುಕೊಂಡು ಬಂತೇ?

ಎರಡು. ಸಿರಿಯನ್ನು ವರ್ತಕರಿಗೇ ತೋರಿಸಬೇಕೆಂದು ಯಾರು ಹೇಳಿದರು? ಮದುವೆಯ ದಿನ ಒಳಮನೆ ತುಂಬ ಹೆಂಗಸರು. ಹೆಣ್ಣು ಕೊಟ್ಟವರು, ತಂದವರು. ಅಲ್ಲಿ ಲೆಕ್ಕ ಹಾಕುವಷ್ಟು ಲೆಕ್ಕವನ್ನು ಬಂದರಿನಲ್ಲೂ ಹಾಕುವುದಿಲ್ಲ.

ಮೂರು. ಕಣ್ಣು ಗೂಡಿಗೆ ಹೊಕ್ಕು ಕೂರುತ್ತದೆ ಎನ್ನುವುದು ಚೆಂದದ ಮಾತು. ಚೆಂದದ ಮಾತು ಸಾಕ್ಷಿಯಾಗುವುದಿಲ್ಲ. ನಿನಗೆ ಹಾಗನ್ನಿಸಿತು ಎಂದ ಮಾತ್ರಕ್ಕೆ ಕಟ್ಟಿಸಿದವನಿಗೂ ಹಾಗೇ ಅನ್ನಿಸಿತ್ತೆಂದು ಹೇಗೆ ಹೇಳುತ್ತೀಯ? ಇನ್ನೊಬ್ಬರ ಮನೆಯಲ್ಲಿ ವಿಚಾರಿಸಿದೆಯಾ? ವಿಚಾರಿಸಿಕೊಂಡು ಬಾ, ಆಮೇಲೆ ಮಾತಾಡು. ಹೀಗಂತ ಅವನಿಗೆ ಹೇಳು.

ಈ ಮೂರನ್ನೂ ಹೇಳಿ ಬರೆಸಿದ ಮೇಲೆ ನನಗೆ ಹಸಿವಾಯಿತು. ಬಹಳ ದಿನದ ಮೇಲೆ ಎರಡು ಸಲ ಬಡಿಸಿಕೊಂಡೆ.

ಶೇಕುವೆ


ಲಾಮು, ಮೇ 19

ಶೇಕುವೆ ಮೇಷ್ಟ್ರಿಗೆ,

ಆ ಹಾಳೆ ಕೋಂಬೊನದಲ್ಲ. ನನ್ನದು.

ಅವತ್ತು ನಡೆದದ್ದು ಹೀಗೆ. ಫೂಮೋ ಓದಿದ, ಕೋಂಬೊ ಕೇಳಿದ. ಇಬ್ಬರೂ ಬಲಗಟ್ಟೆಯಲ್ಲೇ ಮೈಗೆ ಮೈ ಒತ್ತಿಕೊಂಡು ಕೂತಿದ್ದರು. ಅಣ್ಣನ ಜಾಗದಲ್ಲಿ ಕೂರಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಓದಿದ ಮೇಲೆ ಫೂಮೋ, "ಚೆನ್ನಾಗಿದೆ" ಅಂದ. ಕೋಂಬೊ, "ಹೂಂ, ಮೇಷ್ಟ್ರು ಚೆನ್ನಾಗೇ ಬರೆದಿದ್ದಾರೆ" ಅಂದ. ವಾದ ಅಲ್ಲಿಗೇ ಮುಗಿಯಿತು. ಕಾಫಿಯವನು ಬಟ್ಟಲು ಕಿಣಿಕಿಣಿಸುತ್ತಾ ಬಂದು ನಿಂತ, ಇಬ್ಬರೂ ಕುಡಿದರು. ನನಗೆ ಒಳಗೆ ಕೂತು ಎದೆಗೆ ಕಲ್ಲಿಟ್ಟ ಹಾಗಾಯಿತು. ಅಣ್ಣ ಸತ್ತ ದಿನ ಅಷ್ಟು ಆಗಿರಲಿಲ್ಲ.

ಬಾಗಿಲ ಹಿಂದಿನಿಂದಲೇ ಕೂಗಿದೆ. "ಎಡಗಟ್ಟೆ ಖಾಲಿ ಇದ್ರೆ ಓದಿದ ಹಾಗಲ್ಲ."

ಫೂಮೋ ಕನ್ನಡಕ ತೆಗೆದ. "ಯಾರದು ಮಾತಾಡಿದ್ದು?"

"ಎಡಗಟ್ಟೆ ಮಾತಾಡ್ತಿದೆ," ಅಂದೆ.

"ಕಟ್ಟೆ ಮೇಲೆ ಯಾರೂ ಕಾಣ್ತಿಲ್ವಲ್ಲ ತಿಮಾ ಅಕ್ಕ."

"ನಾನು ಕೂತಿರೋ ಜಾಗ ಬಾಗಿಲ ಎಡಕ್ಕೇ ಇದೆ. ನಡುವೆ ಒಂದು ಗೋಡೆ, ಅಷ್ಟೇ."

ಕೋಂಬೊ ನಕ್ಕುಬಿಟ್ಟ. "ಇಷ್ಟು ವರ್ಷ ಗೋಡೆಗೆ ಕಿವಿ ಇತ್ತು. ಈಗ ಬಾಯೂ ಬಂತು. ಹೇಳಮ್ಮಾ ಗೋಡೆ."

ನಾನು ಹೇಳಿದೆ. ಅಣ್ಣನನ್ನು ತೊಳೆದು ಮಲಗಿಸಿದ ಹೊತ್ತಿನಲ್ಲಿ ನಾನು ಒಳಮನೆಯಲ್ಲಿ ಏನು ನೋಡುತ್ತಾ ಕೂತಿದ್ದೆನೋ ಅದನ್ನೇ ಹೇಳಿದೆ.

ನೀವು ವಿಚಾರಿಸಿಕೊಂಡು ಬಾ ಅಂದಿರಿ. ಹೋಗಿ ವಿಚಾರಿಸಿದೆ. ಹಳೆಯ ಗೂಡುಗಳಿರುವ ಮನೆಗಳಿಗೆಲ್ಲ ನಡೆದೆ. ಒಬ್ಬಳು ಅಲ್ಲಿ ಅತ್ತರಿನ ಶೀಷೆ ಇಡುತ್ತಿದ್ದರು ಅಂದಳು. ಇನ್ನೊಬ್ಬಳ ಅಜ್ಜಿ ಮೇಲಿನ ಸಾಲಿನಲ್ಲಿ ಕುರಾನ್ ಇಟ್ಟು ಕೆಳಸಾಲು ಮುಟ್ಟಲು ಬಿಡುತ್ತಿರಲಿಲ್ಲವಂತೆ. ಒಬ್ಬಳು, "ಅದಾ? ಇಲಿ ಮರಿ ಹಾಕೋಕೆ ಕಟ್ಸಿದ್ದು" ಅಂತ ನಕ್ಕಳು. ಒಂದು ಮನೆಯಲ್ಲಿ ಗೂಡುಗಳನ್ನೆಲ್ಲ ಮುಚ್ಚಿ ಹಸಿರು ಬಣ್ಣ ಬಳಿದಿದ್ದರು. ಆ ಮನೆಯ ಮುದುಕಿ ಮಾತ್ರ ನನ್ನ ಕೈಹಿಡಿದು, "ಮುಚ್ಚಿದ ಮೇಲೆ ಆ ಕೋಣೇಲಿ ನನಗೆ ಉಸಿರು ಕಟ್ಟುತ್ತೆ ಕಣೇ" ಅಂದಳು. ನನ್ನ ಪಕ್ಷಕ್ಕೆ ಸಿಕ್ಕಿದ್ದು ಅವಳೊಬ್ಬಳೇ. ನಿಮ್ಮ ಪಿಂಗಾಣಿಯನ್ನೂ ಯಾರೂ ಕಂಡವರಿಲ್ಲ. ಸೋತಿಲ್ಲ, ಗೆದ್ದೂ ಇಲ್ಲ. ಹೀಗಿದೆ.

ಕೊನೆಗೊಂದು ಮಾತು. ಈ ಸಲದ ಕಾಗದ ಬೇರೆ ಕೈಬರಹದಲ್ಲಿದೆ, ಮುತ್ತಿನ ಹಾಗೆ. ಗುಮಾಸ್ತರನ್ನು ಇಟ್ಟುಕೊಂಡಿರಾ? ಅಣ್ಣನಿಗಾದರೆ ನಿಮ್ಮ ಕೈಯಲ್ಲೇ ಬರೆಯುತ್ತಿದ್ದಿರಿ. ನಾನು ಅಷ್ಟು ದೊಡ್ಡವಳಲ್ಲ, ಗೊತ್ತು. ಆದರೂ ಮನಸ್ಸಿಗೆ ಚುಚ್ಚಿತು, ಅದಕ್ಕೇ ಬರೆದೆ.

ತಿಮಾ


ಮೊಂಬಾಸಾ, ಜೂನ್ 12

ತಂಗಿ ತಿಮಾ,

ನೀನೆಂದು ಗೊತ್ತಿದ್ದರೆ ನಾನು ಅಷ್ಟು ಗಟ್ಟಿ ಮಾತಾಡುತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತೇನೋ. ಅಥ್ಮಾನಿ ಎಷ್ಟು ಸಲ ಒಳಗೆ ಕೂತವಳ ಪ್ರಶ್ನೆಯನ್ನು ಹೊರಗೆ ತಂದಿದ್ದನೋ ಎಂದು ಈಗ ಯೋಚಿಸುತ್ತಿದ್ದೇನೆ. ಹೇಳಬೇಡ, ನನ್ನಷ್ಟಕ್ಕೇ ಯೋಚಿಸುತ್ತೇನೆ.

ಕೈಬರಹದ ವಿಷಯ. ನನ್ನ ಕೈಗೆ ಸ್ವಲ್ಪ ವಾತ. ಸೊಸೆ ಮಯಾನಿ ಬರೆದುಕೊಡುತ್ತಾಳೆ. ಬೇರೇನೂ ಇಲ್ಲ.

ಗೂಡಿನ ವಿಷಯವನ್ನು ಇಲ್ಲಿಗೆ ಮುಗಿಸೋಣ. ನೀನೂ ಸರಿ, ನಾನೂ ಸರಿ. ಮದುವೆಯ ದಿನ ಅದರಲ್ಲಿ ಪಿಂಗಾಣಿ ಇತ್ತು, ಸಾವಿನ ದಿನ ಖಾಲಿ ಇತ್ತು. ಏಳನೇ ಅಧ್ಯಾಯದಲ್ಲಿ ಹೀಗೆ ಬರೆಯಬಹುದಿತ್ತು. ಬರೆಯುವ ಕಾಲ ದಾಟಿತು. ನಿನ್ನ ಜಗಲಿ ತುಂಬಿದೆಯಲ್ಲ, ಬೇರೆ ಯಾವುದಾದರೂ ಪುಸ್ತಕ ತೆಗೆದುಕೊಂಡು ಓದಿ.

ಶೇಕುವೆ

ತಿಮಾ ಅತ್ತೆಯವರಿಗೆ ಮಯಾನಿಯ ನಮಸ್ಕಾರ. ಇಲ್ಲಿಂದ ಮುಂದಿನದನ್ನು ಮಾವ ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಅವರಿಗೆ ಇದು ಕಾಣಿಸುವುದಿಲ್ಲ. ಏನೂ ಕಾಣಿಸುವುದಿಲ್ಲ. ಕಣ್ಣಿನ ನರ ಒಣಗಿದೆ, ಇನ್ನು ಬರುವುದಿಲ್ಲ ಅಂದರು ಡಾಕ್ಟರು. ಅಥ್ಮಾನಿ ಮಾವ ತೀರಿಕೊಂಡಾಗ ಅವರು ಹೊರಡಲೇ ಇಲ್ಲ, ಅದು ಇದೇ ಕಾರಣಕ್ಕೆ. ಲಾಮುವಿನ ದಡದಲ್ಲಿ ಎಲ್ಲರೆದುರು ಕೈಹಿಡಿಸಿಕೊಂಡು ಇಳಿಯಲಾರೆ ಅಂದರು. ಏಳನೇ ಅಧ್ಯಾಯ ಇದೆ. ಕತ್ತಲಾಗುತ್ತಾ ಬಂದ ದಿನಗಳಲ್ಲಿ ಬರೆದದ್ದು. ಸಾಲಿನ ಮೇಲೆ ಸಾಲು ಬಿದ್ದು ಒಂದು ಪದವೂ ಬಿಡಿಸಲಾಗುವುದಿಲ್ಲ. ಯಾರಿಗೂ ತೋರಿಸಬೇಡ ಅಂದಿದ್ದಾರೆ. ನಿಮ್ಮ ಹಾಳೆ ಬಂದ ದಿನ ಅವರು ಕೋಣೆಯಲ್ಲಿ ಓಡಾಡುತ್ತಾ ಜಗಳವಾಡುತ್ತಿದ್ದರು, ಒಬ್ಬರೇ. ಎಷ್ಟೋ ತಿಂಗಳ ಮೇಲೆ. ದಯವಿಟ್ಟು ಬಿಡಬೇಡಿ. ನಾನು ಬರೆದೆ ಅಂತ ಹೇಳಬೇಡಿ.


ಲಾಮು, ಜೂನ್ 28

ಶೇಕುವೆ ಮೇಷ್ಟ್ರಿಗೆ ಸಲಾಮು.

(ಮಯಾನಿ, ಇದು ನಿನಗೆ, ಮಾವನಿಗೆ ಓದಬೇಡ. ನಿನ್ನ ಮಾತು ತಲುಪಿತು. ಅವರ ಆ ದಪ್ಪ ಅಕ್ಷರವನ್ನು ಸಿಟ್ಟು ಅಂತ ತಿಳಿದಿದ್ದೆ. ಆ ರಾಶಿ ಹಾಳೆಯನ್ನು ಎಸೆಯಲು ಬಿಡಬೇಡ. ನಾನು ಏನು ಮಾಡಬೇಕೋ ಮಾಡುತ್ತೇನೆ.)

ನೀನೂ ಸರಿ ನಾನೂ ಸರಿ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಇಬ್ಬರೂ ಸರಿಯಾದರೆ ಎರಡು ಕಟ್ಟೆ ಯಾಕೆ? ಒಂದನ್ನು ಒಡೆದು ಕೋಳಿಗೂಡು ಮಾಡಿಸುತ್ತೇನೆ. ಇದು ತೀರ್ಮಾನವಲ್ಲ, ಬಾಗಿಲು ಮುಚ್ಚುವ ಉಪಾಯ. ಅಣ್ಣ ಇದ್ದಿದ್ದರೆ, "ಶೇಕುವೆಗೆ ನಿದ್ದೆ ಬರ್ತಿದೆ, ಹಾಸಿಗೆ ಹಾಸ್ರೋ" ಅಂತಿದ್ದ.

ಇನ್ನೊಂದು ಮಾತು. ಜಗಲಿ ತುಂಬಿರುತ್ತದೆ ಅಂತ ನಿಮಗೆ ಬರೆದಿದ್ದೆನಲ್ಲ. ತುಂಬಿಲ್ಲ. ಅಣ್ಣ ಹೋದ ಮೇಲೆ ಬರುತ್ತಿದ್ದವರು ಕೋಂಬೊ, ಫೂಮೋ ಇಬ್ಬರೇ. ಫೂಮೋನನ್ನು ಮಗ ಬಂದು ಮಲಿಂದಿಗೆ ಕರೆದುಕೊಂಡು ಹೋದ. ಈಗ ಕೋಂಬೊ ಒಬ್ಬನೇ. ಅವನಿಗೆ ಓದಲು ಬರುವುದಿಲ್ಲ, ನನಗೆ ಹೊರಗೆ ಕೂರಲು ಬರುವುದಿಲ್ಲ. ನಾನು ಒಳಗಿಂದ ಓದುತ್ತೇನೆ, ಅವನು ಹೊರಗಿಂದ ಕೇಳುತ್ತಾನೆ. ಬೀದಿಯಲ್ಲಿ ಹೋಗುವವರು, "ಏನೋ ಕೋಂಬೊ, ಗೋಡೆ ಜೊತೆ ಸಂಸಾರನಾ?" ಅಂತಾರೆ. ಅವನು, "ನಿಮ್ಮ ಹೆಂಡ್ತಿಯರಿಗಿಂತ ಇದು ವಾಸಿ, ಪುಸ್ತಕ ಓದಿ ಹೇಳುತ್ತೆ" ಅಂತಾನೆ.

ನಿನ್ನೆ ಅವನೂ ಕೇಳಿದ: "ಅಕ್ಕ, ಏಳನೇದು ಬರಲ್ಲ ಅಂದ್ರೆ ನಾವು ಯಾಕೆ ಕಾಯ್ತಿದ್ದೀವಿ?"

"ಬರುತ್ತೆ," ಅಂದೆ.

"ಬರದಿದ್ರೆ?"

"ಬರದಿದ್ರೆ ಬರೆದೋನೇ ಬರ್ತಾನೆ."

ಅವನಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಹಾಳೆಯಲ್ಲಿ ಕಳಿಸಲಾಗದಿದ್ದರೆ ನೀವೇ ಬಂದು ಬಾಯಲ್ಲಿ ಹೇಳಿ. ಬಸ್ಸು ಬಂದು ನಿಲ್ಲುವ ಮೊಕೊವೆ ದಡಕ್ಕೆ ಕೋಂಬೊ ತನ್ನ ಸ್ವಂತ ದೋಣಿ ತರುತ್ತಾನೆ. ಇಲ್ಲಿ ಎಲ್ಲರೂ ಇಳಿಯುವ ಕಡೆ ಇಳಿಯಬೇಕಾಗಿಲ್ಲ. ಅವನ ದೋಣಿ ಕಟ್ಟುವ ಅಂಗಳದ ಕಡೆಯಿಂದ ಸೀದಾ ನಮ್ಮ ಹಿತ್ತಲಿಗೆ ದಾರಿಯಿದೆ. ನಿಮ್ಮ ವಾತದ ಕೈಗೆ ಹಗ್ಗ ಹಿಡಿಯುವ ತೊಂದರೆ ಬೇಡ ಅಂತ ಇದನ್ನು ಬರೆದೆ.

ಅಣ್ಣ ಹೇಳಿದ ಮಾತಿಗೆ ನಾನು ಇನ್ನೂ ಕಟ್ಟುಬಿದ್ದಿದ್ದೇನೆ. ಪುಸ್ತಕ ಮುಗಿಯದೆ ಜಗಲಿ ಮುಚ್ಚುವುದಿಲ್ಲ.

ತಿಮಾ


ಮೊಂಬಾಸಾ, ಆಗಸ್ಟ್ 16

ತಿಮಾ,

ನಿನ್ನ ಕಾಗದ ಓದುವಾಗ ಮಯಾನಿ ಸಲಾಮು ಹೇಳಿದ ಕೂಡಲೇ ಒಂದು ಕ್ಷಣ ನಿಂತಳು, ಮೂಗೆಳೆದುಕೊಂಡಳು, ಆಮೇಲೆ ಓದಿದಳು. ಹಾಳೆಯನ್ನು ನನ್ನ ಕೈಗೆ ಕೊಡು ಎಂದೆ. ಬೆರಳಾಡಿಸಿದೆ. ನೀನು ಪೆನ್ನನ್ನು ಒತ್ತಿ ಬರೆಯುತ್ತೀಯ. ಅವಳು ಓದಿದ್ದಕ್ಕಿಂತ ಸಾಲು ಹೆಚ್ಚಿದ್ದವು. ನಾನು ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ಕಳ್ಳಾಟ ಹಿಡಿದವನು. ಕಣ್ಣು ಹೋಗಿದೆ, ಅದು ಹೋಗಿಲ್ಲ. ಅವಳನ್ನು ಗದರಿದೆ. ಅವಳು ತಿರುಗಿ ಗದರಿದಳು. "ನಿಮ್ಮ ಜಂಬಕ್ಕೆ ಒಂದು ಪುಸ್ತಕ ಸಾಯ್ಬೇಕಾ ಮಾವ? ಸ್ನೇಹಿತನ ಮಣ್ಣಿಗೂ ಹೋಗ್ಲಿಲ್ಲ ನೀವು," ಎಂದಳು. ಈ ಮಾತನ್ನೂ ಅವಳೇ ಬರೆಯುತ್ತಿದ್ದಾಳೆ, ಒಂದಕ್ಷರ ಬಿಡದೆ.

ಆಮೇಲೆ ಬಹಳ ದಿನ ಅವಳ ಕೈಯಲ್ಲಿ ಏನೂ ಬರೆಸಲಿಲ್ಲ. ಕಾಗದ ತಡವಾಗಿದ್ದು ಅದಕ್ಕೆ. ನಿನ್ನ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಕಣ್ಣು ಗೂಡಿನೊಳಗೆ ಹೊಕ್ಕು ಅಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ಇಲ್ಲಿ ನನ್ನ ಮುಂದೆ ಇರುವುದು ಬೋಳು ಗೋಡೆ, ತಿಮಾ. ಎತ್ತ ತಿರುಗಿದರೂ ಅದೇ. ನಿನ್ನ ವಾದ ತಪ್ಪೆಂದು ಇನ್ನೂ ಅಂದುಕೊಂಡಿದ್ದೇನೆ. ಆದರೆ ಅದನ್ನು ಬೋಳು ಗೋಡೆಯ ಮುಂದೆ ಕೂತು ಹೇಳಲಾರೆ.

ಬರುತ್ತೇನೆ. ಉಪವಾಸದ ತಿಂಗಳು ಮುಗಿದು, ಈದ್ ಆದ ಮೇಲೆ. ಮಯಾನಿ ಜೊತೆಗಿರುತ್ತಾಳೆ. ಏಳನೇ ಅಧ್ಯಾಯ ತಲೆಯಲ್ಲಿದೆ, ಬಾಯಲ್ಲಿ ಹೇಳುತ್ತೇನೆ, ಅವಳು ಬರೆದುಕೊಳ್ಳಲಿ. ಕೋಂಬೊನಿಗೆ ಹೇಳು, ಹಿತ್ತಲ ದಾರಿ ಬೇಡ. ಎಲ್ಲರೂ ಇಳಿಯುವ ಕಡೆಯೇ ಇಳಿಯುತ್ತೇನೆ. ಮೊದಲು ಅಥ್ಮಾನಿಯ ಗೋರಿಗೆ, ಆಮೇಲೆ ಜಗಲಿಗೆ.

ಹೇಳಿ ಮುಗಿಸಿದ ಮೇಲೆ ನಾನು ಎಡಗಟ್ಟೆಯಲ್ಲಿ ಕೂರುತ್ತೇನೆ. ನನ್ನದೇ ಪುಸ್ತಕವಾದರೂ ಸರಿ. ಬಿಸಿಲು ಮುಖಕ್ಕೆ ಹೊಡೆಯುತ್ತದೆಂದು ಎಲ್ಲರೂ ಬಿಟ್ಟ ಜಾಗ ಅಲ್ಲವೇ? ಈಗ ನನಗಿಂತ ಅದಕ್ಕೆ ಸರಿಯಾದವನು ಲಾಮುವಿನಲ್ಲಿ ಸಿಗುವುದಿಲ್ಲ.

ಶೇಕುವೆ


ಲಾಮು, ಸೆಪ್ಟೆಂಬರ್ 7

ಶೇಕುವೆ ಮೇಷ್ಟ್ರಿಗೆ ಸಲಾಮು. ಮಯಾನಿ, ಈ ಸಲ ಎಲ್ಲವನ್ನೂ ಓದು.

ಎಡಗಟ್ಟೆಯನ್ನು ತೊಳೆಸಿದ್ದೇನೆ. ಅಣ್ಣ ಒರಗುತ್ತಿದ್ದ ಕಡೆ ಗಾರೆ ಸವೆದು ನುಣ್ಣಗಾಗಿದೆ, ಅದನ್ನು ಹಾಗೇ ಬಿಡಲು ಹೇಳಿದೆ. ನಿಮ್ಮ ಬೆನ್ನಿಗೆ ಸಿಗುತ್ತದೆ.

ನೀವು ಎಡಗಟ್ಟೆ ಹಿಡಿದ ಮೇಲೆ ಬಲಗಟ್ಟೆಯಲ್ಲಿ ಪುಸ್ತಕದ ಪರ ಮಾತಾಡಲು ಒಬ್ಬರು ಬೇಕು. ಕೋಂಬೊನನ್ನು ಕೇಳಿದೆ. "ನಾನು ತಲೆ ಆಡಿಸ್ತೀನಿ ಅಕ್ಕ, ಬಾಯಿ ನಿಂದು" ಅಂದ. ಬಾಯಿ ನನ್ನದಾದರೆ ಬಾಗಿಲ ಹಿಂದೆ ಕೂತು ಆಗುವುದಿಲ್ಲ. ನಿಮಗೆ ಮುಖ ಕಾಣುವುದಿಲ್ಲ, ದನಿ ಯಾವ ಕಡೆಯಿಂದ ಬರುತ್ತಿದೆ ಅಂತಾದರೂ ಸ್ಪಷ್ಟವಾಗಿ ಗೊತ್ತಾಗಬೇಕು. ಕರಿ ಹೊದಿಕೆ ಹೊದ್ದು ಹೊರಗೇ ಕೂರುತ್ತೇನೆ. ಬೀದಿಯವರು ಅಂದುಕೊಳ್ಳುವುದನ್ನು ಅಂದುಕೊಳ್ಳಲಿ, ಒಂದು ವಾರ ಆಡಿಕೊಂಡು ಸುಮ್ಮನಾಗುತ್ತಾರೆ.

ನನ್ನ ಆಕ್ಷೇಪವನ್ನೇ ನಾನು ಮುರಿಯಬೇಕು ಅಂತಾಯಿತು. ಕಟ್ಟಳೆ ಅಂದ ಮೇಲೆ ಕಟ್ಟಳೆ. ನಿಮ್ಮ ಪಕ್ಷಕ್ಕೆ ಸಾಕ್ಷಿ ಹುಡುಕುತ್ತಿದ್ದೆ, ಸಿಕ್ಕಿತು. ನನ್ನ ಮನೆಯಲ್ಲೇ ಸಿಕ್ಕಿತು, ಆದ್ದರಿಂದ ಹೇಳಲು ಸ್ವಲ್ಪ ಕಷ್ಟ.

ಅಣ್ಣನ ಆ ಅರ್ಧ ಕಸೂತಿಯ ಟೋಪಿ ಇಷ್ಟು ದಿನ ನನ್ನ ಹಾಸಿಗೆಯ ಮೇಲೆ ಇತ್ತು. ರಂಜಾನಿಗೆ ಮನೆ ಗುಡಿಸುವಾಗ ಅದನ್ನು ಎಲ್ಲಿಡಲಿ ಅಂತ ತೋಚಲಿಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿಡಲು ಕೈ ಬರಲಿಲ್ಲ. ಯೋಚಿಸದೆಯೇ ಒಳಮನೆಗೆ ಹೋಗಿ ಕೆಳಸಾಲಿನ ಒಂದು ಗೂಡಿನಲ್ಲಿ ಇಟ್ಟುಬಿಟ್ಟೆ. ಇಟ್ಟ ಮೇಲೆ ನೋಡುತ್ತಾ ನಿಂತೆ. ಆಳ ಸಾಲದು, ಅಂಚು ಹೊರಗೆ ಚಾಚಿಕೊಂಡಿದೆ. ಸೂಜಿ ಇನ್ನೂ ಅದರಲ್ಲೇ ಇದೆ. ಬೀಳಬಹುದು ಅಂದುಕೊಂಡೆ. ಬಿದ್ದಿಲ್ಲ.

ಗೂಡುಗಳನ್ನು ಮಾಡಿದ್ದು ವಸ್ತು ಇಡುವುದಕ್ಕಲ್ಲ ಅಂತ ಹೇಳಿದವಳು ನಾನು. ಎಡಗಟ್ಟೆಯಲ್ಲಿ ಕೂತು ಈ ಟೋಪಿಗೆ ನೀವೇನು ಉತ್ತರ ಕೊಡುತ್ತೀರೋ, ದಾರಿಯಲ್ಲಿ ಯೋಚಿಸಿಕೊಂಡು ಬನ್ನಿ. ಸುಲಭವಾಗಿ ಬಿಡುವುದಿಲ್ಲ.

ಮೀನು ಸಾರಿಗೆ ಹುಣಸೆಹಣ್ಣು ತರಿಸಿಟ್ಟಿದ್ದೇನೆ.

ತಿಮಾ